ಬುಲೆಟ್ ಎಡಗಡೆ ಕಟಕಟ ಅಂತಿದೆಯಾ? ಎಂಜಿನ್ ಬಿಚ್ಚುವ ಮೊದಲು ಪ್ರೈಮರಿ ಚೈನ್ ನೋಡಿ

ಉಡುಪಿಯ ಕಲ್ಸಂಕದಲ್ಲಿ ಟ್ರಾಫಿಕ್‌ಗೆ ನಿಂತಾಗ ನಿಮ್ಮ ಹಳೇ ಬುಲೆಟ್ ಎಡಗಡೆಯಿಂದ ಕಟಕಟ ಅಂತಿದೆಯಾ? ಯಾರೋ 'ಕ್ರ್ಯಾಂಕ್ (ಪಿಸ್ಟನ್ ಚಲನೆಯಿಂದ ತಿರುಗುವ ದಂಡ) ಹೋಗಿದೆ' ಅಂದರು ಅಂತ ಎಂಜಿನ್ ಬಿಚ್ಚಲು ಕೊಡಬೇಡಿ. ನಾನು ಒಮ್ಮೆ ಕೊಟ್ಟಿದ್ದೆ. ಕ್ರ್ಯಾಂಕ್ ಚೆನ್ನಾಗಿಯೇ ಇತ್ತು. ಸಡಿಲವಾಗಿದ್ದದ್ದು ಪ್ರೈಮರಿ ಚೈನ್, ಅಂದರೆ ಕ್ರ್ಯಾಂಕ್‌ನಿಂದ ಕ್ಲಚ್‌ಗೆ ಓಡುವ ಒಳಗಿನ ಚೈನ್.

ಮೊದಲು ಐಡ್ಲಿಂಗ್, ಅಂದರೆ ಗಾಡಿ ನಿಂತಾಗ ಎಂಜಿನ್ ಓಡುವ ವೇಗ, ಸರಿ ಮಾಡಿ. ಅದು ತೀರಾ ಕಡಿಮೆ ಇದ್ದರೆ ಒಳ್ಳೆಯ ಚೈನ್ ಕೂಡ ಬಡಿದುಕೊಳ್ಳುತ್ತದೆ.

ಈಗ ಗಾಡಿ ನ್ಯೂಟ್ರಲ್‌ನಲ್ಲಿರಲಿ. ಉದ್ದದ ಸ್ಕ್ರೂಡ್ರೈವರ್ ತುದಿಯನ್ನು ಎಡಗಡೆಯ ಕವರ್‌ಗೆ ಒತ್ತಿ, ಹಿಡಿಯನ್ನು ಕಿವಿಗೆ ತಾಗಿಸಿ. ಇನ್ನೊಬ್ಬರು ಕ್ಲಚ್ ಹಿಡಿದು ಬಿಡಲಿ. ಹಿಡಿದಾಗ ಸದ್ದು ನಿಂತರೆ ಗೇರ್‌ಬಾಕ್ಸ್ ಬೇರಿಂಗ್ ಕಡೆ ಅನುಮಾನ. ಹಿಡಿದಾಗ ಮಾತ್ರ ಬಂದರೆ ಕ್ಲಚ್ ಬಿಡಿಸುವ ಭಾಗ. ಎರಡೂ ಸಲ ಒಂದೇ ಥರ ಇದ್ದರೆ ಪ್ರೈಮರಿ ಚೈನ್ ನೋಡಲೇಬೇಕು. ಕ್ಲಚ್ ಹಿಡಿದರೂ ಬಿಟ್ಟರೂ ಅದು ತಿರುಗುತ್ತಲೇ ಇರುತ್ತದೆ ಅಲ್ವಾ?

ಕವರ್ ತೆಗೆಯುವುದು ಎಂಜಿನ್ ತಣ್ಣಗಾದ ಮೇಲೆ. ಕೆಳಗೆ ಟ್ರೇ ಇಡಿ. ಎಡಗಡೆಯ ಫುಟ್‌ರೆಸ್ಟ್, ಅಡ್ಡ ಬರುವ ಪೆಡಲ್ ತೆಗೆದು, ಮಧ್ಯದ ಒಂದೇ ನಟ್ ಬಿಚ್ಚಿದರೆ ಕವರ್ ಬರುತ್ತದೆ. ಸುರಿದ ಆಯಿಲ್ ಹಾಲು ಹಾಕಿದ ಚಹಾದಂತಿದ್ದರೆ ನೀರು ಹೊಕ್ಕಿದೆ. ಮಳೆಗಾಲದಲ್ಲಿ ನೀರು ನಿಂತ ರಸ್ತೆಯಲ್ಲಿ ಓಡಿಸಿದವರು ಇದನ್ನು ತಪ್ಪದೆ ನೋಡಿ. ಹೊಳೆಯುವ ಪುಡಿ ಸಿಕ್ಕರೆ ಯಾವುದೋ ಭಾಗ ಸವೆಯುತ್ತಿದೆ ಅಂತ ಅರ್ಥ.

ಮುಖ್ಯ ಕೆಲಸ ಇಲ್ಲಿದೆ, ಅವಸರ ಬೇಡ. ಸೆಂಟರ್ ಸ್ಟ್ಯಾಂಡ್ ಹಾಕಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಟಾಪ್ ಗೇರ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಚೈನ್‌ನ ನಡುವನ್ನು ಬೆರಳಿನಿಂದ ಎತ್ತಿ ಒತ್ತಿ. ಹಳೇ ಚೈನ್ ಎಲ್ಲ ಕಡೆ ಒಂದೇ ಸಮನಾಗಿ ಸವೆದಿರುವುದಿಲ್ಲ. ಒಂದು ಕಡೆ ಜೋತಾಡುತ್ತದೆ, ಸ್ವಲ್ಪ ತಿರುಗಿಸಿದರೆ ಬೆರಳಿಗೆ ಬಿಗಿ ತಾಗುತ್ತದೆ. ಆ ಬಿಗಿ ಜಾಗದಲ್ಲಿ ಚೈನ್ ಸುಮಾರು 6 ಮಿ.ಮೀ. ಮೇಲೆ-ಕೆಳಗೆ ಆಡುವಂತೆ ಟೆನ್ಶನರ್ (ಚೈನ್ ಬಿಗಿಯಾಗಿಡುವ ಭಾಗ) ಸ್ಕ್ರೂ ಹೊಂದಿಸಿ. ಸಡಿಲ ಜಾಗ ನೋಡಿ ಬಿಗಿ ಮಾಡಿದರೆ ಬೇರಿಂಗ್‌ಗಳಿಗೆ ಸುಮ್ನೆ ಪೆಟ್ಟು.

ಟೆನ್ಶನರ್ ಪ್ಯಾಡ್‌ನಲ್ಲಿ ಆಳವಾದ ಗೆರೆ ಬಿದ್ದಿದ್ದರೆ ಅದನ್ನು ಬದಲಿಸಿ. ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನ್ ಜೊತೆ ಅದನ್ನೂ ಬದಲಿಸಿ. ಇಲ್ಲದಿದ್ದರೆ ಹೊಸ ಚೈನ್ ಕೂಡ ಬೇಗ ಹಾಳು. ಕ್ಲಚ್ ಡ್ರಮ್ ಹಿಡಿದು ಅಲುಗಾಡಿಸಿ. ಜಾಸ್ತಿ ಆಡಿದರೆ ಅದರ ಬೇರಿಂಗ್ ನೋಡಿ. ಆಲ್ಟರ್ನೇಟರ್ (ವಿದ್ಯುತ್ ಉತ್ಪಾದಿಸುವ ಭಾಗ) ಒಳಗೆ ತಿರುಗುವ ರೋಟರ್ ಮೇಲೆ ಉಜ್ಜಿದ ಗುರುತಿದ್ದರೆ ಸದ್ದು ಅಲ್ಲಿಂದಲೂ ಬರಬಹುದು.

ನಂತರ ಬಂದ ಯುಸಿಇ ಎಂಜಿನ್‌ಗಳಲ್ಲಿ (ಎಂಜಿನ್, ಗೇರ್‌ಬಾಕ್ಸ್ ಒಂದೇ ಕವಚದಲ್ಲಿರುವವು) ಟೆನ್ಶನರ್ ತಾನೇ ಹೊಂದಿಕೊಳ್ಳುತ್ತದೆ. ಅಲ್ಲಿ ಈ ಸ್ಕ್ರೂ ಹುಡುಕಬೇಡಿ, ಟೆನ್ಶನರ್ ಸವೆದಿದೆಯಾ ಅಂತ ಮಾತ್ರ ನೋಡಿ.