ಮಕ್ಕಳ ಹೊಟ್ಟೆಯ ತೊಂದರೆಗೆ ಕಟ್ಟುನಿಟ್ಟಿನ ಪಥ್ಯ ಆರಿಸುವ ಮುನ್ನ

ಮಗುವಿನ ಹೊಟ್ಟೆನೋವು, ಬೇಧಿ, ಉಬ್ಬರಗಳಿಗೆ ‘ಕರುಳನ್ನೇ ವಾಸಿಮಾಡುವ ಪಥ್ಯ’ ಎಂಬ ಹೆಸರಿನಲ್ಲಿ ಹಲವು ಆಹಾರಕ್ರಮಗಳು ಇಂದು ಪ್ರಚಾರದಲ್ಲಿವೆ. ಅವುಗಳನ್ನು ಹೋಲಿಸಲು ಕೊಡಗಿನ ಹೆತ್ತವರು ಅಕ್ಕಿತರಿಯ ಕಡಂಬುಟ್ಟು, ಚೆನ್ನಾಗಿ ಕಳಿತ ಬಾಳೆಹಣ್ಣು ಮತ್ತು ಒಂದು ಚಮಚ ಜೇನು, ಈ ಮೂರನ್ನೂ ಒಂದೊಂದು ಪಥ್ಯದ ಪಟ್ಟಿಯೊಡನೆ ತಾಳೆ ನೋಡಿದರೆ ಸಾಕು. ಎಸ್‌ಸಿಡಿ ಎಂದು ಕರೆಯಲಾಗುವ ನಿರ್ದಿಷ್ಟ ಕಾರ್ಬೋಹೈಡ್ರೇಟ್ ಪಥ್ಯವು ಜೇನನ್ನೂ ಕಳಿತ ಬಾಳೆಹಣ್ಣನ್ನೂ ಒಪ್ಪುತ್ತದೆ, ಅಕ್ಕಿಯನ್ನು ಪೂರ್ತಿ ನಿಷೇಧಿಸುತ್ತದೆ. ಅನಿಲ ಹುಟ್ಟಿಸುವ ಕೆಲವು ಸಕ್ಕರೆಗಳನ್ನು ತಗ್ಗಿಸುವ ಕಡಿಮೆ ಫಾಡ್‌ಮ್ಯಾಪ್ ಪಥ್ಯವು ಅಕ್ಕಿಯನ್ನು ಒಪ್ಪಿ, ಜೇನನ್ನೂ ಕಳಿತ ಬಾಳೆಹಣ್ಣನ್ನೂ ದೂರವಿಡಲು ಹೇಳುತ್ತದೆ. ಗ್ಲುಟೆನ್‌ರಹಿತ ಪಥ್ಯಕ್ಕೆ ಮೂರರಲ್ಲಿ ಯಾವುದರ ಬಗೆಗೂ ತಕರಾರಿಲ್ಲ; ಅದು ದೂರವಿಡುವುದು ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನನ್ನು. ಇಷ್ಟು ವಿರುದ್ಧವಾದ ಪಟ್ಟಿಗಳೆಲ್ಲವೂ ಎಲ್ಲ ಮಕ್ಕಳ ಕರುಳಿಗೂ ಒಳ್ಳೆಯವಾಗಿರಲು ಸಾಧ್ಯವಿಲ್ಲ. ಒಂದೊಂದರ ಹಿಂದೆಯೂ ಒಂದೊಂದು ಕಾಯಿಲೆಯ ಕಲ್ಪನೆಯಿದೆ. ಆದ್ದರಿಂದ ಮಗುವಿಗೆ ಯಾವ ಕಾಯಿಲೆಯಿದೆ ಎಂಬುದು ಗೊತ್ತಾಗುವವರೆಗೆ ಪಥ್ಯದ ಆಯ್ಕೆಗೆ ಅರ್ಥವಿಲ್ಲ.

ಮೊದಲ ಕೆಲಸ ಮಕ್ಕಳ ತಜ್ಞರಿಂದ ತಪಾಸಣೆ. ತೂಕ ಇಳಿಯುವುದು, ಎತ್ತರ ಹೆಚ್ಚದಿರುವುದು, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಬೇಧಿ, ಹಸಿರು ವಾಂತಿ, ಬಿಟ್ಟುಬಿಟ್ಟು ಬರುವ ಜ್ವರ, ಬಾಯಿಹುಣ್ಣಿನ ಜೊತೆಗೆ ಕೀಲುನೋವು, ಗುದದ ಸುತ್ತ ಹುಣ್ಣು, ಇವುಗಳಲ್ಲಿ ಯಾವುದೇ ಇದ್ದರೂ ಮನೆಯಲ್ಲಿ ಪಥ್ಯದ ಪ್ರಯೋಗ ಮಾಡುತ್ತ ದಿನ ಕಳೆಯಬಾರದು. ಅಂಥ ಮಗುವನ್ನು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ತೋರಿಸಿ, ಅಗತ್ಯವಿದ್ದರೆ ಮೈಸೂರು, ಮಂಗಳೂರು ಅಥವಾ ಬೆಂಗಳೂರಿನ ಮಕ್ಕಳ ಜಠರಕರುಳು ತಜ್ಞರಿಗೆ ಶಿಫಾರಸು ಪತ್ರ ಕೇಳಬೇಕು. ಈ ಲಕ್ಷಣಗಳಿಲ್ಲದ ಮಕ್ಕಳಲ್ಲಿ ಹೊಟ್ಟೆನೋವಿನ ಹಿಂದೆ ಬಹಳ ಸಲ ಇರುವುದು ಮಲಬದ್ಧತೆ. ಅದು ವಾಸಿಯಾದರೆ ಪಥ್ಯದ ಪ್ರಶ್ನೆಯೇ ಏಳದು. ಜಂತುಹುಳು, ಜಿಯಾರ್ಡಿಯಾ ಸೋಂಕುಗಳನ್ನೂ ಮೊದಲೇ ನೋಡಿಕೊಳ್ಳಬೇಕು. ತೋಟದ ಕೆರೆ, ತೋಡು, ಬಾವಿಗಳ ನೀರನ್ನು ಬಳಸುವ ಮನೆಗಳಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಈ ಪರೀಕ್ಷೆಯನ್ನು ಬಿಡಬಾರದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗೋಧಿ ಬಿಡಿಸಿ ನೋಡೋಣ ಎಂದು ಮನೆಯವರೇ ತೀರ್ಮಾನಿಸಿದ ಮೇಲೆ ಗ್ಲುಟೆನ್ ತಿಂದರೆ ಸಣ್ಣಕರುಳು ಹಾಳಾಗುವ ಸೀಲಿಯಾಕ್ ಎಂಬ ಕಾಯಿಲೆಯ ರಕ್ತಪರೀಕ್ಷೆ ಮಾಡಿಸಿದರೆ, ಕಾಯಿಲೆ ಇದ್ದರೂ ಫಲಿತಾಂಶ ಇಲ್ಲವೆಂದೇ ಬರಬಹುದು. ಪರೀಕ್ಷೆ ಮುಗಿಯುವವರೆಗೆ ಮಗು ಗೋಧಿ ತಿನ್ನುತ್ತಿರಬೇಕು. ದಕ್ಷಿಣ ಭಾರತದಲ್ಲಿ ಈ ಕಾಯಿಲೆ ಉತ್ತರಕ್ಕಿಂತ ಬಹಳ ವಿರಳವೆಂಬುದು ನಿಜ. ಆದರೆ ಇದು ಖಚಿತವಾದರೆ ಗ್ಲುಟೆನ್‌ರಹಿತ ಆಹಾರ ಜೀವನಪೂರ್ತಿ ಬೇಕಾಗುವುದರಿಂದ, ಊಹೆಯ ಮೇಲೆ ಆರಂಭಿಸಿ ಅರ್ಧಕ್ಕೆ ಬಿಡುವಂಥ ಪಥ್ಯವಲ್ಲ.

ಸೀಲಿಯಾಕ್ ಖಚಿತವಾದ ಮಗುವಿಗೆ ಕೊಡಗಿನ ಅಡುಗೆ ದೊಡ್ಡ ಆಸರೆ. ಅಕ್ಕಿರೊಟ್ಟಿ, ಕಡಂಬುಟ್ಟು, ಪಾಪುಟ್ಟು, ನೂಪುಟ್ಟು ಎಲ್ಲವೂ ಅಕ್ಕಿಯವು. ತೊಂದರೆ ಬರುವುದು ಕಣ್ಣಿಗೆ ಬೀಳದ ಗೋಧಿಯಿಂದ. ಗೋಧಿ ಬೀಸಿದ ಗಿರಣಿಯಲ್ಲೇ ಅಕ್ಕಿಹಿಟ್ಟನ್ನೂ ತರಿಯನ್ನೂ ಮಾಡಿಸಿದರೆ ಗೋಧಿ ಅದರಲ್ಲಿ ಬೆರೆತೇ ಇರುತ್ತದೆ. ಆದ್ದರಿಂದ ಅಕ್ಕಿಯನ್ನು ತೊಳೆದು ಒಣಗಿಸಿ ಮನೆಯ ಮಿಕ್ಸಿಯಲ್ಲೇ ಪುಡಿಮಾಡುವುದು ಲೇಸು. ಅಂಗಡಿಯ ಪುಡಿ ಇಂಗಿಗೆ ಸಾಮಾನ್ಯವಾಗಿ ಗೋಧಿಹಿಟ್ಟು ಸೇರಿಸಿರುತ್ತಾರೆ. ಪೊಟ್ಟಣದ ಶಾವಿಗೆ ಹೆಚ್ಚಾಗಿ ಗೋಧಿಯದು, ಸೋಯಾ ಸಾಸ್‌ನಲ್ಲೂ ಗೋಧಿ ಇರುತ್ತದೆ. ಪೊಟ್ಟಣದ ಮೇಲೆ ಗ್ಲುಟೆನ್‌ರಹಿತ ಎಂದು ಬರೆಯಬೇಕಾದರೆ ಒಂದು ಕಿಲೋದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿದೆ. ಆ ಮಾತಿಲ್ಲದ ಪೊಟ್ಟಣವನ್ನು ನಂಬಬೇಕಾಗಿಲ್ಲ.

ಎಸ್‌ಸಿಡಿಯ ಇತಿಹಾಸವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದರ ಬಲವೂ ದೌರ್ಬಲ್ಯವೂ ಅಲ್ಲೇ ಇವೆ. ನ್ಯೂಯಾರ್ಕಿನ ಮಕ್ಕಳ ವೈದ್ಯ ಸಿಡ್ನಿ ಹಾಸ್ 1924ರಲ್ಲಿ ಸೀಲಿಯಾಕ್ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಕೊಟ್ಟು, ಅವರು ಚೇತರಿಸಿಕೊಂಡದ್ದನ್ನು ಪ್ರಕಟಿಸಿದರು. ಧಾನ್ಯಗಳ, ಗೆಡ್ಡೆಗಳ ಪಿಷ್ಟವೇ ಕಾಯಿಲೆಯ ಮೂಲವೆಂದು ಅವರು ಭಾವಿಸಿದ್ದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಡಚ್ ವೈದ್ಯ ವಿಲೆಮ್ ಡಿಕೆ ಅವರ ಕೆಲಸದಿಂದ ತಪ್ಪು ಗೋಧಿಯದೆಂದು ತಿಳಿಯಿತು; 1950ರ ಅವರ ಪ್ರಬಂಧದ ನಂತರ ಸೀಲಿಯಾಕ್ ಮಕ್ಕಳಿಗೆ ಅಕ್ಕಿ ಬಿಡಬೇಕಾದ ಕಾರಣವೇ ಉಳಿಯಲಿಲ್ಲ. ಬಾಳೆಹಣ್ಣಿನ ಪಥ್ಯ ಫಲಿಸಿದ್ದು ಅದರಲ್ಲಿ ಗೋಧಿ ಇರಲಿಲ್ಲವೆಂಬ ಕಾರಣಕ್ಕೆ. ಆದರೂ ಹಾಸ್ ಅವರ ಪಥ್ಯ, ಅಲ್ಸರೇಟಿವ್ ಕೊಲೈಟಿಸ್ ಎಂಬ ದೊಡ್ಡಕರುಳಿನ ಉರಿಯೂತ ಇದ್ದ ಮಗಳಿಗೆ ಅವರಿಂದ ಚಿಕಿತ್ಸೆ ಕೊಡಿಸಿದ ಎಲೇನ್ ಗಾಟ್‌ಶಾಲ್ ಎಂಬ ತಾಯಿಯ ಮೂಲಕ ಕರುಳಿನ ಉರಿಯೂತದ ಕಾಯಿಲೆಗಳ ಪಥ್ಯವಾಗಿ ಮರುಹುಟ್ಟು ಪಡೆಯಿತು. ಅದರಲ್ಲಿ ಅಕ್ಕಿ, ಗೋಧಿ, ರಾಗಿ, ಆಲೂಗಡ್ಡೆ, ಗೆಣಸು, ಸಕ್ಕರೆ, ಬೆಲ್ಲ, ಹಾಲು ಯಾವುದೂ ಇಲ್ಲ. ಮಾಂಸ, ಮೊಟ್ಟೆ, ಮೀನು, ಪಿಷ್ಟ ಕಡಿಮೆಯಿರುವ ತರಕಾರಿ, ಹಣ್ಣು, ಬೀಜಗಳು, 24 ಗಂಟೆ ಹೆಪ್ಪಿಟ್ಟ ಮನೆಯ ಮೊಸರು ಇವೆ.

ಮಾಂಸಾಹಾರಿ ಮನೆಯಲ್ಲಿ ಇದು ಕಷ್ಟ, ಆದರೂ ನಡೆಯುತ್ತದೆ: ಪಂದಿಕರಿ ಉಳಿಯುತ್ತದೆ, ಅದರ ಜೊತೆಗಾರ ಕಡಂಬುಟ್ಟು ಹೋಗುತ್ತದೆ. ಮಾಂಸ, ಮೊಟ್ಟೆ ತಿನ್ನದ ಮನೆಯ ಮಗುವಿಗೆ ಇದನ್ನು ನಾನು ಸಲಹೆ ಮಾಡಲಾರೆ, ಹೊಟ್ಟೆ ತುಂಬಿಸುವಷ್ಟು ಆಹಾರವೇ ಉಳಿಯುವುದಿಲ್ಲ. ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆ ಇದ್ದ ವಯಸ್ಕರಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದು ಅಷ್ಟು ಕಟ್ಟುನಿಟ್ಟಿಲ್ಲದ ಮೆಡಿಟರೇನಿಯನ್ ಆಹಾರಕ್ರಮಕ್ಕಿಂತ ಹೆಚ್ಚಿನ ಫಲ ಕೊಡಲಿಲ್ಲ. ಮಕ್ಕಳ ಸಣ್ಣ ಅಧ್ಯಯನಗಳಲ್ಲಿ ಅಕ್ಕಿ, ಓಟ್ಸ್ ಸೇರಿಸಿ ಸಡಿಲಿಸಿದ ರೂಪವೂ ಮೂಲರೂಪಕ್ಕಿಂತ ಸ್ಪಷ್ಟವಾಗಿ ಹಿಂದೆ ಬಿದ್ದಿಲ್ಲ. ಹೀಗಿರುವಾಗ ತಜ್ಞರು ಎಸ್‌ಸಿಡಿ ಸೂಚಿಸಿದರೆ, ಅಕ್ಕಿ ಇರುವ ಸಡಿಲ ರೂಪ ಆಗುತ್ತದೆಯೇ ಎಂದು ಹೆತ್ತವರು ಕೇಳಲೇಬೇಕು. ಪುತ್ತರಿಯಂದು ಹೊಸ ಅಕ್ಕಿಯ ಪಾಯಸವನ್ನೂ ತಂಬುಟ್ಟನ್ನೂ ನೋಡುತ್ತ ಕೂರಬೇಕಾದ ಮಗುವಿನ ಮಟ್ಟಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಮಕ್ಕಳ ಕ್ರೋನ್ಸ್ ಕಾಯಿಲೆಗೆ ಹೆಚ್ಚಿನ ಆಧಾರವಿರುವುದು ಬೇರೆ ಎರಡಕ್ಕೆ. ಮೊದಲನೆಯದು 6ರಿಂದ 8 ವಾರ ಬೇರೇನೂ ತಿನ್ನದೆ ವೈದ್ಯರು ಬರೆದುಕೊಟ್ಟ ಪೌಷ್ಟಿಕ ದ್ರವಾಹಾರವನ್ನೇ ಕುಡಿಯುವ ಕ್ರಮ. ಉರಿಯೂತ ತಗ್ಗಿಸಲು ತಜ್ಞರು ಮೊದಲು ಸೂಚಿಸುವುದು ಇದನ್ನೇ. ಎರಡನೆಯದು ಅರ್ಧ ದ್ರವಾಹಾರ, ಅರ್ಧ ಆಯ್ದ ಊಟವಿರುವ ಸಿಡಿಇಡಿ ಎಂಬ ಕ್ರೋನ್ಸ್ ಪಥ್ಯ. 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮಕ್ಕಳು ಇದನ್ನು ಬರೀ ದ್ರವಾಹಾರಕ್ಕಿಂತ ಸುಲಭವಾಗಿ ಸಹಿಸಿಕೊಂಡರು. ಕೋಳಿ, ಮೊಟ್ಟೆ, ಆಲೂಗಡ್ಡೆ, ಬಾಳೆಹಣ್ಣು, ಸೇಬು, ಅನ್ನ ಇದರಲ್ಲಿ ಇವೆ. ಪೊಟ್ಟಣದ ತಿಂಡಿಗೆ ಜಾಗವಿಲ್ಲ. ಇವೆರಡೂ ಚಿಕಿತ್ಸೆಯೇ ಆದ್ದರಿಂದ ಮನೆಯವರು ತಾವಾಗಿ ಆರಂಭಿಸುವಂತಿಲ್ಲ.

ಗ್ಯಾಪ್ಸ್ ಪಥ್ಯದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಎಸ್‌ಸಿಡಿಯನ್ನು ಇನ್ನಷ್ಟು ಬಿಗಿಗೊಳಿಸಿ, ಮಾಂಸದ ಸಾರು ಮತ್ತು ಹುಳಿಬರಿಸಿದ ಪದಾರ್ಥಗಳಿಂದ ಹಂತಹಂತವಾಗಿ ಆರಂಭಿಸುವ ಈ ಕ್ರಮ ಆಟಿಸಂ ಸೇರಿದಂತೆ ಹಲವು ತೊಂದರೆಗಳನ್ನು ನೀಗುತ್ತದೆಂಬ ಮಾತು ಸರಿಯಾದ ಪರೀಕ್ಷೆಗಳಲ್ಲಿ ಸಾಬೀತಾಗಿಲ್ಲ. ಆಟಿಸಂ ಇರುವ ಅನೇಕ ಮಕ್ಕಳು ಮೊದಲೇ ಬೆರಳೆಣಿಕೆಯ ತಿನಿಸುಗಳನ್ನಷ್ಟೇ ಒಪ್ಪುವವರು. ಅವುಗಳನ್ನೂ ಕಿತ್ತುಕೊಂಡರೆ ಮಗು ಊಟವನ್ನೇ ಬಿಡುವ ಅಪಾಯವಿದೆ. ಇದನ್ನು ಪಟ್ಟಿಯಿಂದ ಕೈಬಿಡುವುದೇ ಸರಿ.

ಉರಿಯೂತವೂ ಸೀಲಿಯಾಕ್ ಕೂಡ ಇಲ್ಲವೆಂದು ಖಚಿತವಾಗಿ, ಐಬಿಎಸ್ (ಉರಿಯೂತವಿಲ್ಲದೆಯೇ ಹೊಟ್ಟೆನೋವು, ಮಲದ ಏರುಪೇರು ಮರುಕಳಿಸುವ ತೊಂದರೆ) ಎಂದು ವೈದ್ಯರು ಹೇಳಿದ ದೊಡ್ಡ ಮಕ್ಕಳಿಗೆ ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಕಡಿಮೆ ಫಾಡ್‌ಮ್ಯಾಪ್ ಪಥ್ಯವನ್ನು ಪರಿಗಣಿಸಬಹುದು. ಸಣ್ಣಕರುಳಿನಲ್ಲಿ ಸರಿಯಾಗಿ ಹೀರಲ್ಪಡದೆ ಮುಂದೆ ಹೋಗಿ, ನೀರೆಳೆದು ಅನಿಲ ಹುಟ್ಟಿಸುವ ಸಕ್ಕರೆಗಳನ್ನು ತಗ್ಗಿಸುವುದು ಇದರ ತತ್ವ. ನಮ್ಮ ಅಡುಗೆಯಲ್ಲಿ ಮುಖ್ಯವಾಗಿ ಹೊರಗಿಡಬೇಕಾದವು ಈರುಳ್ಳಿ ಮತ್ತು ಬೆಳ್ಳುಳ್ಳಿ; ಜೊತೆಗೆ ಗೋಧಿ, ಹಾಲು, ಮಾವು, ಸೇಬು, ಹಲವು ಕಾಳುಗಳು. ಅಕ್ಕಿ, ಕೊಡಗಿನ ಕಿತ್ತಳೆ, ಸೌತೆ, ಕ್ಯಾರೆಟ್, ಮೀನು, ಮಾಂಸ ಉಳಿಯುತ್ತವೆ. ಪಂದಿಕರಿಯ ಮಸಾಲೆಯಲ್ಲಿ ಅರೆದುಹೋದ ಈರುಳ್ಳಿಯನ್ನು ಆರಿಸಿ ತೆಗೆಯಲಾಗದು, ಆದ್ದರಿಂದ ಮಗುವಿನ ಪಾಲನ್ನು ಬೇರೆಯೇ ಬೇಯಿಸಬೇಕು. ತೊಂದರೆ ಕೊಡುವ ಸಕ್ಕರೆ ಎಣ್ಣೆಯಲ್ಲಿ ಕರಗುವುದಿಲ್ಲವಾದ್ದರಿಂದ, ಬೆಳ್ಳುಳ್ಳಿಯ ಎಸಳನ್ನು ಎಣ್ಣೆಯಲ್ಲಿ ಹುರಿದು ಎಸಳನ್ನೆಲ್ಲ ತೆಗೆದುಬಿಟ್ಟು ಆ ಎಣ್ಣೆಯಲ್ಲಿ ಒಗ್ಗರಣೆ ಹಾಕಬಹುದು. ಬಿಗಿಯಾದ ಹಂತ 2ರಿಂದ 6 ವಾರ ಮಾತ್ರ.

ಶಿಶುಗಳಲ್ಲಿ ಹಸುವಿನ ಹಾಲಿನ ಅಲರ್ಜಿಯ ಶಂಕೆಯಿದ್ದರೆ 2ರಿಂದ 4 ವಾರ ಹಾಲು ಬಿಡಿಸಿ ಮತ್ತೆ ಕೊಟ್ಟು ನೋಡುವುದು ಕ್ರಮ. ಮೊದಲು ಹಾಲು ಕುಡಿದಾಗ ತಕ್ಷಣ ದದ್ದು, ಊತ, ಉಸಿರಾಟದ ತೊಂದರೆ ಕಂಡಿದ್ದರೆ ಮತ್ತೆ ಕೊಡುವುದು ಆಸ್ಪತ್ರೆಯಲ್ಲೇ ಆಗಬೇಕು. ಆಡಿನ ಹಾಲು ಇದಕ್ಕೆ ಬದಲಿಯಾಗದು. ಒಂದು ವರ್ಷ ತುಂಬದ ಮಗುವಿಗೆ ಯಾವ ಪಥ್ಯದ ಹೆಸರಿನಲ್ಲೂ ಜೇನು ಕೊಡಬಾರದು, ಬೊಟುಲಿಸಂ ಎಂಬ ಪ್ರಾಣಾಪಾಯದ ಕಾಯಿಲೆ ಬರಬಹುದು.

ಪಥ್ಯ ನಿರ್ಧಾರವಾದ ಮೇಲೆ, ಆರಂಭಿಸುವ ಮುನ್ನ ಎರಡು ವಾರ ಮಗು ತಿಂದದ್ದು, ನೋವು ಬಂದ ಹೊತ್ತು, ಮಲದ ಸ್ವರೂಪಗಳನ್ನು ಬರೆದಿಡಬೇಕು. ಆ ಬರಹವಿಲ್ಲದೆ ಆಮೇಲಿನ ಸುಧಾರಣೆಯನ್ನು ಅಳೆಯಲಾಗದು. ತೂಕ, ಎತ್ತರ ಗುರುತುಹಾಕಿ, ಪ್ರತಿ ಎರಡು ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಗಬೇಕು. ಕ್ಯಾಲ್ಸಿಯಂ, ಕಬ್ಬಿಣ, ವಿಟಮಿನ್ ಡಿ ಎಲ್ಲಿಂದ ಬರುತ್ತವೆ ಎಂದು ಡಯಟಿಷಿಯನ್ ಜೊತೆ ಕುಳಿತು ಲೆಕ್ಕಹಾಕಬೇಕು. ಹಾಲು ಬಿಟ್ಟ ಮಗುವಿಗೆ, ಅದರ ಪಥ್ಯದಲ್ಲಿ ಅವಕಾಶವಿದ್ದರೆ, ರಾಗಿ, ಎಳ್ಳು, ಮುಳ್ಳುಸಹಿತ ತಿನ್ನುವ ಸಣ್ಣ ಮೀನು ನೆರವಾಗುತ್ತವೆ. ಶಾಲೆಯಲ್ಲಿ ಹಾಲು, ಮಧ್ಯಾಹ್ನದ ಊಟ ಸಿಗುವುದರಿಂದ ಶಿಕ್ಷಕರಿಗೆ ನಿಷೇಧಿತ ಪದಾರ್ಥಗಳನ್ನು ಬರೆದು ಕೊಡಬೇಕು. ಐನ್‌ಮನೆಯಲ್ಲಿ ನಂಟರೆಲ್ಲ ಸೇರಿದಾಗ ಅಜ್ಜಿ ಪ್ರೀತಿಯಿಂದ ಕೊಡುವ ತುತ್ತನ್ನು ತಡೆಯುವುದು ಇದಕ್ಕಿಂತ ಕಷ್ಟ. ಅವರಿಗೆ ಮೊದಲೇ ಕಾರಣ ತಿಳಿಸಿ, ಮಗುವಿಗೆ ಏನು ಕೊಡಬಹುದು ಎಂಬ ಪಟ್ಟಿಯನ್ನು ಕೈಗಿಟ್ಟರೆ ಮನಸ್ತಾಪ ತಪ್ಪುತ್ತದೆ.

ನಿಗದಿತ ಅವಧಿ ಮುಗಿದಾಗ ಸುಧಾರಣೆ ಕಾಣದಿದ್ದರೆ ಪಥ್ಯವನ್ನು ಇನ್ನೂ ಬಿಗಿಮಾಡದೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ತೂಕ ಇಳಿದರೆ, ಅಥವಾ ಅನುಮತಿಯಿರುವ ಆಹಾರಕ್ಕೂ ಮಗು ಹೆದರತೊಡಗಿದರೆ, ಅವಧಿಗೆ ಕಾಯದೆ ಅಂದೇ ವೈದ್ಯರಿಗೆ ತಿಳಿಸಬೇಕು. ಸುಧಾರಿಸಿದ್ದರೆ, ಸೀಲಿಯಾಕ್ ಹೊರತು ಉಳಿದ ಪಥ್ಯಗಳಲ್ಲಿ ಬಿಟ್ಟ ಆಹಾರವನ್ನು ತಜ್ಞರು ಹೇಳಿದ ಕ್ರಮದಲ್ಲಿ ಮರಳಿಸುವ ಕೆಲಸ ಶುರುವಾಗುತ್ತದೆ. ಫಾಡ್‌ಮ್ಯಾಪ್ ಪಥ್ಯದಲ್ಲಾದರೆ ಒಂದು ಸಲಕ್ಕೆ ಒಂದೇ ಪದಾರ್ಥ, ಮೊದಲ ದಿನ ಸ್ವಲ್ಪ, ಮರುದಿನ ಇನ್ನಷ್ಟು, ಮೂರನೆಯ ದಿನ ವಾಡಿಕೆಯ ಪ್ರಮಾಣ. ನೋವು ಮರುಕಳಿಸಿದರೆ ಅದನ್ನು ಬರೆದಿಟ್ಟು, ಹೊಟ್ಟೆ ಶಾಂತವಾದ ಬಳಿಕ ಮುಂದಿನ ಪದಾರ್ಥಕ್ಕೆ ಹೋಗಬೇಕು.