ತೂಕಕ್ಕೆ ಸಿಕ್ಕ ತಂಬಿಗೆ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಬಂದವರು ಚಪ್ಪಲಿ ಬಿಡುವಾಗಲೇ ಕೇಳುವುದು ಬಾಗಿಲ ಪಕ್ಕದ ಹಿತ್ತಾಳೆ ಘಂಗಾಳದ ಬಗ್ಗೆ. ಅಗಲ ಬಾಯಿ, ಎರಡೂ ಬದಿಗೆ ದಪ್ಪ ಬಳೆ. ಹಿಂದೆ ಇಲ್ಲಿನ ಮರಾಠಿ ಮನೆಗಳಲ್ಲಿ ಸ್ನಾನದ ನೀರಿಗೆ ಇಡುತ್ತಿದ್ದ ಪಾತ್ರೆ ಅದು. "ಚೋರ್ ಬಜಾರಾ?" ಅಂತಾರೆ, ಮುಂಬೈಯ ಆ ಹಳೇ ಸಾಮಾನಿನ ಪೇಟೆಯಿಂದ ತಂದದ್ದಾ ಅಂತ. ಅಲ್ಲ. ನಮ್ಮ ಮನೆಯಿಂದ ಎರಡು ಗಲ್ಲಿ ಆಚೆಯ ಭಂಗಾರದ ಅಂಗಡಿಯಲ್ಲಿ, ತಗಡಿನ ಡಬ್ಬಿ, ಹಳೇ ಫ್ಯಾನುಗಳ ನಡುವೆ ಕವುಚಿ ಬಿದ್ದಿತ್ತು. ನಾಲ್ಕೂಕಾಲು ಕಿಲೋ ತೂಗಿತು, ಕಿಲೋಗೆ 520ರಂತೆ 2210 ರೂಪಾಯಿ ಕೊಟ್ಟೆ. ಅಂಥದ್ದೇ ಇನ್ನೊಂದಕ್ಕೆ, ತೊಳೆದು ಹೊಳೆಯಿಸಿ ಇಟ್ಟಿದ್ದಕ್ಕೆ, ಹಳೇ ಸಾಮಾನಿನ ಅಂಗಡಿಯೊಂದರಲ್ಲಿ 9000 ಹೇಳಿದ್ದರು.

ಮರಾಠಿಯಲ್ಲಿ ಭಂಗಾರ ಅಂದರೆ ಗುಜರಿ. ಕುಂದಾಪುರದಿಂದ ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ಬೀದಿಯಲ್ಲಿ ಆ ಕೂಗು ಕೇಳಿದಾಗ ನನ್ನ ಕಿವಿಗೆ ಬೀಳುತ್ತಿದ್ದುದು ಬಂಗಾರ. ಹನ್ನೊಂದು ವರ್ಷ ಈ ಅಂಗಡಿಗಳನ್ನು ಸುತ್ತಿದ ಮೇಲೆ ನನಗೆ ಖಾತ್ರಿಯಾಗಿರುವ ವಿಷಯ ಒಂದೇ. ಹಳೇ ಸಾಮಾನು ತೂಕಕ್ಕೆ ಸಿಗುವಲ್ಲಿ ಅಗ್ಗ, ಕತೆಗೆ ಸಿಗುವಲ್ಲಿ ದುಬಾರಿ. ಒಂದೇ ಪಾತ್ರೆ ಮನೆಯಿಂದ ಗುಜರಿಗೆ, ಗುಜರಿಯಿಂದ ದೊಡ್ಡ ವ್ಯಾಪಾರಿಗೆ, ಅಲ್ಲಿಂದ ಗಾಜಿನ ಕಪಾಟಿಗೆ ಹೋಗುತ್ತದೆ. ಒಂದೊಂದು ಮೆಟ್ಟಿಲಿಗೂ ಬೆಲೆ ಏರುತ್ತದೆ. ನಾವು ಎಷ್ಟು ಕೆಳಗಿನ ಮೆಟ್ಟಿಲಲ್ಲಿ ನಿಲ್ಲುತ್ತೇವೋ ಅಷ್ಟು ಉಳಿತಾಯ. ಆದರೆ ಅಲ್ಲಿ ಯಾರೂ ಇದು ಇಂಥದ್ದು ಅಂತ ಹೇಳಿಕೊಡುವುದಿಲ್ಲ, ಗುರುತು ನಮಗೇ ಸಿಗಬೇಕು.

ಮುಂಬೈಯಲ್ಲಿ ಆ ಕೆಳಗಿನ ಮೆಟ್ಟಿಲು ಎಲ್ಲಿದೆ ಅಂದರೆ, ರೀಡೆವಲಪ್‌ಮೆಂಟಿಗೆ ಹೋಗುವ ಕಟ್ಟಡದ ಹತ್ತಿರ. ಸಾಲುಕೋಣೆಗಳ ಹಳೇ ಚಾಳ್, ಮೂರು ಮಾಳಿಗೆಯ ಸೊಸೈಟಿಗಳನ್ನು ಕೆಡವುವ ಮುಂಚೆ ಜನ ಬಾಡಿಗೆ ಮನೆಗೆ ಹೋಗಬೇಕು. ಎರಡು ಮೂರು ವರ್ಷ ಸಣ್ಣ ಜಾಗದಲ್ಲಿ ಇರಬೇಕಲ್ವಾ, ಹಂಡೆ, ಭರಣಿ, ಅಜ್ಜನ ಆರಾಮ ಕುರ್ಚಿ ಎಲ್ಲಿಡೋದು? ಎಲ್ಲ ಒಂದೇ ವಾರದಲ್ಲಿ ಹೊರಗೆ ಬೀಳುತ್ತದೆ. ಹಾಗಾಗಿ ನಮ್ಮ ಕಡೆ ಯಾವ ಕಟ್ಟಡ ಖಾಲಿಯಾಗುತ್ತಿದೆ ಅಂತ ನಾನು ಯಾವಾಗಲೂ ಗಮನಿಸುತ್ತೇನೆ. ಭಂಗಾರದಣ್ಣನಿಗೆ ನನ್ನ ನಂಬರ್ ಕೊಟ್ಟಿದ್ದೇನೆ. ಒಳ್ಳೆಯದು ಬಂದರೆ ಲಾರಿಗೆ ಹಾಕುವ ಮುಂಚೆ ಫೋನ್ ಮಾಡುತ್ತಾನೆ. ಅವನಿಗೆ ಲಾರಿಯವನು ಕೊಡುವುದಕ್ಕಿಂತ ಕಿಲೋಗೆ ಇಪ್ಪತ್ತು ಮೂವತ್ತು ಜಾಸ್ತಿಯೇ ಕೊಡುತ್ತೇನೆ, ಅಲ್ಲಿ ಚೌಕಾಶಿ ಮಾಡುವುದಿಲ್ಲ. ಬಿಸಿಲಲ್ಲಿ ಕೈಗಾಡಿ ತಳ್ಳುವವನ ಹತ್ತಿರ ಐವತ್ತು ರೂಪಾಯಿಗೆ ಎಳೆದಾಡಲು ನನಗೆ ಮನಸ್ಸು ಬರುವುದಿಲ್ಲ.

ಚೋರ್ ಬಜಾರಿಗೂ ಹೋಗುತ್ತೇನೆ, ಸುಳ್ಳು ಹೇಳಲಾರೆ. ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಇಳಿದು ನಡೆದರೆ ಮಟನ್ ಸ್ಟ್ರೀಟ್. ಶುಕ್ರವಾರ ಅಲ್ಲಿನ ಅಂಗಡಿಗಳು ಮುಚ್ಚಿರುತ್ತವೆ, ಆದರೆ ಅದೇ ದಿನ ಬೆಳಗ್ಗೆ ಬೀದಿಯಲ್ಲಿ ಹಾಸು ಹಾಸಿಕೊಂಡು ಮಾರುವವರು ಬರುತ್ತಾರೆ. ನನಗೆ ಆ ಹಾಸಿನ ವ್ಯಾಪಾರವೇ ಇಷ್ಟ. ಬೆಳಗ್ಗೆ ಬೇಗ ಹೋದರೆ ಬೋಣಿ ಅಂತ ಒಂದಿಷ್ಟು ಬಿಡುತ್ತಾರೆ. ಪುಣೆಯಲ್ಲಿ ನಾದಿನಿಯ ಮನೆಗೆ ಹೋದಾಗ ಭಾನುವಾರ ಸಿಕ್ಕರೆ ಜೂನಾ ಬಜಾರ್ ಬಿಡುವುದಿಲ್ಲ. ಅದು ಬುಧವಾರವೂ ನಡೆಯುತ್ತದೆ. ಪೀಠೋಪಕರಣ ಬೇಕಾದವರು ಜೋಗೇಶ್ವರಿ ಪಶ್ಚಿಮದ ಓಶಿವಾರಾ ಕಡೆ ನೋಡಲಿ, ನನಗೆ ಅದರ ಅನುಭವ ಕಡಿಮೆ.

ಈಗ ಗುರುತಿನ ವಿಷಯ. ನನ್ನ ಚೀಲದಲ್ಲಿ ಯಾವಾಗಲೂ ಇರುವುದು ಒಂದು ಸಣ್ಣ ಅಯಸ್ಕಾಂತ, ಒಂದು ಭೂತಗನ್ನಡಿ, ಒಂದು ಒದ್ದೆ ಬಟ್ಟೆ, ಅರ್ಧ ನಿಂಬೆಹಣ್ಣು. ಹಿತ್ತಾಳೆಗೆ, ತಾಮ್ರಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಮೂಲೆಯಲ್ಲಿ ನಿಂಬೆ ಉಜ್ಜಿದರೆ ಕೆಂಪು ಬರುತ್ತದೋ ಹಳದಿ ಬರುತ್ತದೋ ಅಂತ ತಾಮ್ರ ಹಿತ್ತಾಳೆ ತಿಳಿಯುತ್ತದೆ. ಕಂಚನ್ನು ಬೆರಳಿನ ಗೆಣ್ಣಿನಿಂದ ತಟ್ಟಿದರೆ ಠಣ್ ಅಂದು ಸದ್ದು ಸುಮಾರು ಹೊತ್ತು ಉಳಿಯುತ್ತದೆ, ಬಿರುಕಿದ್ದರೆ ಟಪ್ ಅಂತ ಅಲ್ಲೇ ಸಾಯುತ್ತದೆ. ಭರಣಿಗೂ ಇದೇ ಪರೀಕ್ಷೆ. ಇನ್ನು ತಳ ನೋಡಿ. ನಿಜವಾಗಿ ಬಳಸಿದ ಪಾತ್ರೆಯ ತಳ ನೆಲಕ್ಕೆ ತಾಗಿದ ಕಡೆ ಮಾತ್ರ ಸವೆದಿರುತ್ತದೆ. ಎಲ್ಲ ಕಡೆ ಒಂದೇ ಸಮ ಕಪ್ಪು, ಒಂದೇ ಸಮ ಗೀರು ಇದ್ದರೆ ಹಳತು ಕಾಣಲಿ ಅಂತ ಮಾಡಿದ್ದು. ನೂರೈವತ್ತು ವರ್ಷದ್ದು ಅನ್ನುವ ಪೆಟ್ಟಿಗೆಯಲ್ಲಿ ಪ್ಲಸ್ ಗುರುತಿನ ಸ್ಕ್ರೂ ಕಂಡರೆ ಪ್ರಶ್ನೆ ಕೇಳಿ, ಆ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಹಿತ್ತಾಳೆ ಕೊಂಬಿನ ಗ್ರಾಮಫೋನ್‌ಗಳು ಹೆಚ್ಚಿನವು ಹೊಸ ಪೆಟ್ಟಿಗೆಗೆ ಹಳೇ ಮೋಟರ್ ಕೂರಿಸಿದವು. ರಾಮದರ್ಬಾರ್ ಚಿತ್ರದ 1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯವನ್ನಂತೂ ಮುಟ್ಟಲೇಬೇಡಿ, ಅಂಥ ನಾಣ್ಯವನ್ನು ಕಂಪನಿ ಹೊಡೆಸಿಯೇ ಇಲ್ಲ.

ಭೂತಗನ್ನಡಿ ಚೀಲಕ್ಕೆ ಬಂದದ್ದು ಒಂದು ನಷ್ಟದಿಂದ. ಒಂದು ಅಂಗಡಿಯಲ್ಲಿ ರವಿವರ್ಮ ಪ್ರೆಸ್ಸಿನ ಲಕ್ಷ್ಮಿಯ ಚಿತ್ರ ಅಂತ 4500 ಕೊಟ್ಟು ತಂದೆ. ಆ ಪ್ರೆಸ್ 1894ರಲ್ಲಿ ಮುಂಬೈಯಲ್ಲಿ ಶುರುವಾಗಿ ಆಮೇಲೆ ಲೋಣಾವಳ ಹತ್ತಿರದ ಮಳವ್ಲಿಗೆ ಹೋಯಿತು. ಚಿತ್ರದ ಕೆಳಗೆ ಪ್ರೆಸ್ಸಿನ ಹೆಸರೂ ಇತ್ತು, ಕಟ್ಟು ನಿಜಕ್ಕೂ ಹಳೆಯದಿತ್ತು, ಗೆದ್ದಲು ತಿಂದ ಗುರುತೂ ಇತ್ತು. ಮನೆಗೆ ತಂದು ಮಗಳ ಭೂತಗನ್ನಡಿಯಲ್ಲಿ ನೋಡಿದರೆ ಲಕ್ಷ್ಮಿಯ ಕೆನ್ನೆ ತುಂಬ ಸಾಲಾಗಿ ಜೋಡಿಸಿದ ಪುಟ್ಟ ಬಣ್ಣದ ಚುಕ್ಕೆಗಳು, ಈಗಿನ ಕ್ಯಾಲೆಂಡರಿನಲ್ಲಿ ಕಾಣುವಂಥವು. ಆ ಪ್ರೆಸ್ಸಿನ ಹಳೇ ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು ಬಳಸುತ್ತಿದ್ದರು, ಅಲ್ಲಿನ ಚುಕ್ಕೆಗಳು ಅಡ್ಡಾದಿಡ್ಡಿ. ಹಳೇ ಕಟ್ಟಿಗೆ ಹೊಸ ಅಚ್ಚು ಹಾಕಿ ಮಾರಿದ್ದರು. ಆ ದುಡ್ಡು ನನ್ನ ಎರಡು ತಿಂಗಳ ಟ್ಯೂಷನ್ ಸಂಪಾದನೆ, ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಮನೆಗೆ ತಂದ ಮೇಲೆ ಕೈ ಸುಮ್ನಿರಲಿ, ಮೊದಲ ದಿನವೇ ಉಜ್ಜಬೇಡಿ. ಹಸಿರು ಕಿಲುಬು ಇದ್ದರೆ ಹುಣಸೆಹಣ್ಣು ಉಪ್ಪು ಹಾಕಿ ತೆಗೆಯಿರಿ, ಅದನ್ನು ಬಿಡಬಾರದು. ಉಳಿದ ಕಂದು ಬಣ್ಣ ಇರಲಿ, ಅದು ಬರಲು ವರ್ಷಗಳೇ ಬೇಕು. ಅಡುಗೆಗೆ ಬಳಸುವುದಾದರೆ ಒಳಗೆ ತವರದ ಕಲಾಯಿ ಮಾಡಿಸಲೇಬೇಕು. ಬೆಸುಗೆ ಹಾಕಿದ ಪಾತ್ರೆಯನ್ನು ಅಡುಗೆಗೆ ತರಬೇಡಿ, ಬೆಸುಗೆಯಲ್ಲಿ ಸೀಸ ಇರಬಹುದು. ಉಪ್ಪಿನಕಾಯಿ ಭರಣಿಯ ಹೊರಗೆ ಬಿಳಿ ಪುಡಿ ಏಳುತ್ತಲೇ ಇದ್ದರೆ ಅದು ಒಳಗೆ ಇಳಿದ ಉಪ್ಪು. ವಾರಗಟ್ಟಲೆ ನೀರಲ್ಲಿ ಮುಳುಗಿಸಿ ದಿನಾ ನೀರು ಬದಲಿಸಿದ ಮೇಲೆ ನನ್ನ ಭರಣಿ ಸರಿಹೋಯಿತು. ಈಗ ಅದರಲ್ಲಿ ಕೊಡೆಗಳಿವೆ.

ಒಂದು ಬಗೆಯ ಸಾಮಾನು ಮಾತ್ರ ಎಷ್ಟೇ ಅಗ್ಗವಾದರೂ ತರುವುದಿಲ್ಲ. ಒಮ್ಮೆ ಒಂದು ಅಂಗಡಿಯ ಗೋಡೆಯಲ್ಲಿ ತುಳುನಾಡಿನ ದೈವ ಪಂಜುರ್ಲಿಯ ಮೊಗ ತೂಗುಹಾಕಿದ್ದರು. ಹಂದಿಯ ಮುಖ, ಚಾಚಿದ ನಾಲಿಗೆ, ಕಿವಿಯ ಹತ್ತಿರ ಲೋಹ ಸವೆದು ನುಣುಪಾಗಿತ್ತು. ಅಂಗಡಿಯವರಿಗೆ ಅದು ಬರೀ "ಸೌತ್ ಇಂಡಿಯನ್ ಮಾಸ್ಕ್". ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಯಾವ ಊರಿನ ದೈವಸ್ಥಾನದಿಂದ ಬಂತೋ, ಕೊಟ್ಟರೋ ಕದ್ದರೋ. ನೂರು ವರ್ಷ ದಾಟಿದ ಮೂರ್ತಿ, ಲೋಹದ ಕೆತ್ತನೆಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಇದೆ, ಮಾರುವವರಿಗೆ ಲೈಸೆನ್ಸ್ ಬೇಕು, ಹೊರದೇಶಕ್ಕೆ ಕಳಿಸುವಂತಿಲ್ಲ. ಕಾನೂನು ಇಲ್ಲದಿದ್ದರೂ ನಾನು ತರುತ್ತಿರಲಿಲ್ಲ. ಒಬ್ಬರ ಮನೆಯ ಪಾತ್ರೆ ಇನ್ನೊಬ್ಬರ ಮನೆಗೆ ಬರಬಹುದು, ಒಂದು ಊರಿನ ದೈವ ಸೋಫಾದ ಮೇಲಿನ ಗೋಡೆಗೆ ಬರಬಾರದು.

ನನಗೆ ಎಲ್ಲಕ್ಕಿಂತ ಪ್ರೀತಿಯದ್ದು 340 ರೂಪಾಯಿಯ ತಾಮ್ರದ ತಂಬಿಗೆ. ಅದೂ ಭಂಗಾರದಿಂದಲೇ ಬಂದದ್ದು, ನೆಗ್ಗಿತ್ತು, ಮಸಿ ಹಿಡಿದಿತ್ತು. ಒದ್ದೆ ಬಟ್ಟೆಯಲ್ಲಿ ಕುತ್ತಿಗೆ ಒರೆಸುವಾಗ ಬೆರಳಿಗೆ ಚುಕ್ಕೆಗಳು ತಾಗಿದವು. ಹಿಂದೆ ಪಾತ್ರೆ ಅಂಗಡಿಯವರು ಉಳಿಯಿಂದ ಚುಕ್ಕೆ ಚುಕ್ಕೆ ಹೊಡೆದು ಹೆಸರು ಬರೆಯುತ್ತಿದ್ದರಲ್ವಾ, ಅದೇ. ಅಕ್ಷರ ಅರ್ಧ ಸವೆದಿದ್ದವು, ಎದುರು ಮನೆಯ ಆಜಿಯ ಹತ್ತಿರ ಒಯ್ದೆ. ಅವರು ಕನ್ನಡಕ ಹಾಕದೆ, ಬೆರಳು ಆಡಿಸಿಕೊಂಡೇ ಓದಿದರು. "ಸಪ್ರೇಮ ಭೇಟ್", ಅಂದರೆ ಪ್ರೀತಿಯ ಉಡುಗೊರೆ, ಆಮೇಲೆ ಒಂದು ಹೆಂಗಸಿನ ಹೆಸರು, 1958. ಆಜಿ ತಂಬಿಗೆಯನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತರು. "ನನಗೂ ಆ ವರ್ಷವೇ ಮದುವೆ" ಅಂದರು. ಅವರ ತಂಬಿಗೆ ಎಲ್ಲಿದೆ ಅಂತ ನಾನು ಕೇಳಲಿಲ್ಲ. ತಂಬಿಗೆಯ ನೆಗ್ಗು ತೆಗೆಸಬೇಕು ಅಂದುಕೊಂಡಿದ್ದೆ, ಈಗ ಹಾಗೇ ಬಿಟ್ಟಿದ್ದೇನೆ.

ನಮ್ಮ ಹಿಂದಿನ ಗಲ್ಲಿಯ ಹಳೇ ಕಟ್ಟಡ ದೀಪಾವಳಿ ಕಳೆದು ಖಾಲಿಯಾಗುತ್ತದಂತೆ. ಆಜಿಯ ತಂಗಿ ಇರುವುದು ಅಲ್ಲೇ. ಈ ಸಲ ಭಂಗಾರದಣ್ಣನಿಗೆ ಹೇಳುವ ಮುಂಚೆ ಆಜಿಯನ್ನೇ ಕರೆದುಕೊಂಡು ಹೋಗುವವಳಿದ್ದೇನೆ.