ರಿಪೇರಿ ಮಾಡಿಸಿದ್ಮೇಲೂ ಕಾರು ಸರಿ ಹೋಗಿಲ್ವಾ? ಗ್ಯಾರೇಜಿಗೆ ವಾಪಸ್ ಹೋಗೋ ಮುಂಚೆ

ಗ್ಯಾರೇಜಿಂದ ಕಾರು ತಂದು ಎರಡು ದಿನ ಆಗಿರಲ್ಲ, ಯಾವ ಸೌಂಡಿಗೆ ಅಂತ ಬಿಟ್ಟಿದ್ವೋ ಅದೇ ಸೌಂಡು ಮತ್ತೆ ಶುರು, ಇಲ್ಲಾಂದ್ರೆ ಅದು ಹೋಗಿ ಅದರ ಜಾಗಕ್ಕೆ ಇನ್ನೊಂದು ಬಂದಿರತ್ತೆ. ಆಗ ಸಿಟ್ಟು ನೆತ್ತಿಗೇರೋದು ಸಹಜ, ಆದ್ರೆ ಅದೇ ಸಿಟ್ಟಲ್ಲಿ ಹೋಗಿ ಕೂಗಾಡಿದ್ರೆ ಅವರೂ ಕೂಗಾಡ್ತಾರೆ, ಕೊನೆಗೆ "ನಾವು ಕೊಡೋವಾಗ ಸರಿಯಾಗೇ ಇತ್ತು ಸಾರ್, ನೀವು ಹೆಂಗೆ ಓಡ್ಸಿದ್ರೋ ಏನೋ" ಅನ್ನೋ ಮಾತಿಗೆ ಬಂದು ನಿಂತ್ಬಿಡತ್ತೆ. ನಾನು ಹಿಂಗೇ ಮಾಡಿ ಒಂದ್ಸಲ ಕೈ ಸುಟ್ಕೊಂಡೆ, ಆ ಕಥೆ ಮುಂದೆ ಹೇಳ್ತೀನಿ.

ಎಲ್ಲಕ್ಕಿಂತ ಮೊದಲು ಕಾರು ಓಡಿಸಬಹುದಾ ಬೇಡ್ವಾ ಅಂತ ನೋಡ್ಕೊಳಿ. ಬ್ರೇಕ್ ಪೆಡಲ್ ಸ್ಪಂಜ್ ಥರ ಒಳಗೆ ಹೋಗ್ತಿದೆ ಅಂದ್ರೆ ಲೈನಲ್ಲಿ ಗಾಳಿ ಸೇರಿರಬಹುದು ಇಲ್ಲಾ ಬ್ರೇಕ್ ಆಯಿಲ್ ಲೀಕ್ ಇರಬಹುದು, ಅದನ್ನ ಗ್ಯಾರೇಜ್ ತನಕ ಓಡಿಸ್ಕೊಂಡು ಹೋಗೋ ಸಾಹಸ ಬೇಡ, ಟೋ ಮಾಡಿಸಿ. ಟೈರ್ ಬಿಚ್ಚಿ ಹಾಕಿದ ಮೇಲೆ ಆ ಕಡೆಯಿಂದ ಟಕ್ ಟಕ್ ಅಂತಿದ್ರೆ ವೀಲ್ ನಟ್ ಲೂಸ್ ಇರಬಹುದು, ಅಲ್ಲೇ ಸೈಡಿಗೆ ಹಾಕಿ ನೋಡಿ. ಆಯಿಲ್ ಚೇಂಜ್ ಆದ್ಮೇಲೆ ಕೆಂಪು ಆಯಿಲ್ ಲೈಟು ಹತ್ತಿದ್ರೆ ಒಂದು ಕಿಲೋಮೀಟರೂ ಬೇಡ, ಇಂಜಿನ್ ಆಫ್ ಮಾಡಿ. ಕೆಳಗಿನ ಡ್ರೈನ್ ಪ್ಲಗ್ ಸರಿಯಾಗಿ ಟೈಟ್ ಆಗಿರಲ್ಲ, ಇಲ್ಲಾ ಹಳೇ ಫಿಲ್ಟರಿನ ರಬ್ಬರ್ ರಿಂಗ್ ಇಂಜಿನ್ನಿಗೇ ಅಂಟ್ಕೊಂಡಿದ್ದು ನೋಡ್ದೆ ಅದರ ಮೇಲೇ ಹೊಸ ಫಿಲ್ಟರ್ ತಿರುಗಿಸಿರ್ತಾರೆ, ಆಯಿಲ್ ಪೂರಾ ಸೋರಿ ಹೋಗತ್ತೆ. ಲೈಟ್ ಹತ್ತಿದ್ಮೇಲೂ ನೀವು ಓಡಿಸಿದ್ರೆ ಇಂಜಿನ್ ಕೂತ್ಕೊಳತ್ತೆ, ಜೊತೆಗೆ ತಪ್ಪು ಅರ್ಧ ನಿಮ್ಮ ತಲೆ ಮೇಲೂ ಬರತ್ತೆ.

ಹಂಗಂತ ಎಲ್ಲದಕ್ಕೂ ಗ್ಯಾರೇಜ್ ಮೇಲೆ ಎಗರಬೇಡಿ. ಹೊಸ ಬ್ರೇಕ್ ಪ್ಯಾಡ್ ಹಾಕಿದಾಗ ಡಿಸ್ಕಿಗೆ ಕೂರೋ ತನಕ ಮೊದಲ ಕೆಲವು ನೂರು ಕಿಲೋಮೀಟರ್ ಸ್ವಲ್ಪ ಸೌಂಡು, ವಾಸನೆ ಇರಬಹುದು (ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂಗೆ ಕರ್ರ್ ಅಂದ್ರೆ ಬೇರೆ ಮಾತು, ಅದನ್ನ ಕಾಯ್ಬೇಡಿ). ಬ್ಯಾಟರಿ ಬಿಚ್ಚಿದ್ರೆ ಗಡಿಯಾರ ಹೋಗತ್ತೆ, ಕೆಲವು ಕಾರಲ್ಲಿ ಆಟೋ ವಿಂಡೋ ಮತ್ತೆ ಸೆಟ್ ಮಾಡಬೇಕು, ಐಡ್ಲಿಂಗ್ (ನಿಂತಲ್ಲೇ ಇಂಜಿನ್ ಓಡೋದು) ಸ್ವಲ್ಪ ಹೊತ್ತು ಏರುಪೇರಾಗತ್ತೆ.

ಈಗ ಸಾಕ್ಷಿ. ಸೌಂಡು ಬರೋವಾಗ ಪಕ್ಕದಲ್ಲಿ ಕೂತವರ ಕೈಲಿ ವಿಡಿಯೋ ಮಾಡಿಸಿ, ಓಡೋಮೀಟರ್ ರೀಡಿಂಗ್ ಕಾಣೋ ಹಂಗೆ ಇರ್ಲಿ, ಯಾಕಂದ್ರೆ ಬಿಲ್ಲಲ್ಲಿರೋ ಕಿಲೋಮೀಟರಿಗೂ ಇದಕ್ಕೂ ಎಷ್ಟು ವ್ಯತ್ಯಾಸ ಅನ್ನೋದೇ ನಿಮ್ಮ ಗಟ್ಟಿ ಪಾಯಿಂಟು. ಇಂಜಿನ್ ತಣ್ಣಗಿದ್ದಾಗಲಾ ಬಿಸಿ ಆದ್ಮೇಲಾ, ಎಷ್ಟು ಸ್ಪೀಡಲ್ಲಿ, ಬ್ರೇಕ್ ಒತ್ತಿದಾಗಲಾ ತಿರುಗಿಸಿದಾಗಲಾ, ಎಡಕ್ಕಾ ಬಲಕ್ಕಾ, ಎಲ್ಲ ಬರೆದಿಟ್ಕೊಳಿ. ಕಾರು ನಿಲ್ಲಿಸಿದ ಜಾಗದಲ್ಲಿ ಏನಾದ್ರೂ ಸೋರಿದ್ರೆ ಕೆಳಗೆ ರಟ್ಟು ಹಾಸಿ ಬೆಳಗ್ಗೆ ಅದರ ಫೋಟೋ. ಬಿಲ್ಲು, ಎಸ್ಟಿಮೇಟು, ಜಾಬ್ ಕಾರ್ಡು (ಕಾರು ಬಿಡೋವಾಗ ನಿಮ್ಮ ದೂರು, ಮಾಡ್ಬೇಕಾದ ಕೆಲಸ ಬರ್ಕೊಳೋ ಚೀಟಿ), ವಾಟ್ಸಾಪ್ ಮಾತುಕತೆ, ಯಾವುದನ್ನೂ ಡಿಲೀಟ್ ಮಾಡ್ಬೇಡಿ.

ಆಮೇಲೆ ತಪ್ಪು ಯಾವ ಥರದ್ದು ಅಂತ ಯೋಚನೆ ಮಾಡಿ, ಹೆಚ್ಚಿನವರು ಇಲ್ಲೇ ಎಡವೋದು. ಕೆಲಸ ನೆಟ್ಟಗೆ ಮಾಡಿಲ್ಲ ಅನ್ನೋದೊಂದು, ಹಾಕಿದ ಪಾರ್ಟೇ ಡೂಪ್ಲಿಕೇಟು ಅಥವಾ ಡಿಫೆಕ್ಟು ಅನ್ನೋದೊಂದು, ಪಾರ್ಟೂ ಸರಿ ಕೆಲಸಾನೂ ಸರಿ ಆದ್ರೆ ರೋಗ ಯಾವುದು ಅಂತ ಕಂಡುಹಿಡಿದಿದ್ದೇ ತಪ್ಪು ಅನ್ನೋದು ಮೂರನೇದು. ಕೆಲಸ ಕೆಟ್ಟಿದ್ರೆ ಪುಕ್ಕಟೆ ಮತ್ತೆ ಮಾಡ್ಕೊಡಿ ಅಂತ ಕೇಳಿ. ಪಾರ್ಟ್ ಕೆಟ್ಟಿದ್ರೆ ವಾರಂಟಿಲಿ ಹೊಸದು ಬರತ್ತೆ ಸರಿ, ಬಿಚ್ಚಿ ಹಾಕೋ ಲೇಬರ್ ಯಾರ್ದು ಅಂತ ಮೊದಲೇ ಕೇಳಿ, ಎಷ್ಟೋ ಪಾರ್ಟ್ ವಾರಂಟಿಲಿ ಲೇಬರ್ ಸೇರಿರಲ್ಲ. ಮೂರನೇದೇ ಕಷ್ಟ, ಯಾಕಂದ್ರೆ "ಅದೂ ಹೋಗಿತ್ತು ಸಾರ್, ಇದೂ ಹೋಗಿದೆ" ಅಂತಾರೆ. ಅಲ್ಲಿ ಎಲ್ಲಾ ನಿಂತಿರೋದು ನೀವು ಮೊದಲ ದಿನ ಜಾಬ್ ಕಾರ್ಡಲ್ಲಿ ಏನು ಬರೆಸಿದ್ರಿ ಅನ್ನೋದರ ಮೇಲೆ. "ಶಾಕ್ ಅಬ್ಸಾರ್ಬರ್ ಚೇಂಜ್ ಮಾಡಿ" ಅಂತ ನೀವೇ ಬರೆಸಿದ್ರೆ ಅವರು ಚೇಂಜ್ ಮಾಡಿದಾರೆ, ಕಥೆ ಮುಗೀತು. "ಹಂಪ್ ಇಳಿಯೋವಾಗ ಮುಂದಿನ ಎಡಗಡೆ ಕಟ್ ಕಟ್ ಅನ್ನತ್ತೆ" ಅಂತ ಬರೆಸಿದ್ರೆ ಆ ಕಟ್ ಕಟ್ ನಿಲ್ಲಿಸೋದು ಅವರ ಕೆಲಸ. ಡಾಕ್ಟರ್ ಹತ್ರ ಹೋಗಿ ಹೊಟ್ಟೆನೋವು ಅನ್ನಬೇಕು, ಆಪರೇಷನ್ ಹೆಸರು ಹೇಳ್ಬಾರ್ದು.

ನನಗಾಗಿದ್ದೂ ಇದೇ. ಎರಡೂ ಶಾಕ್ ಅಬ್ಸಾರ್ಬರ್ ಬದಲಾಯ್ಸಿದ್ರು, ಸೌಂಡು ಹಂಗೇ ಇತ್ತು. ಜಗಳ ಆಡಿ ಇನ್ನೊಂದು ಗ್ಯಾರೇಜಿಗೆ ಹೋದೆ, ಅವರು ನೋಡಿ ಸ್ಟೆಬಿಲೈಸರ್ ಲಿಂಕ್ (ಸಸ್ಪೆನ್ಶನ್ನಿನ ಒಂದು ಸಣ್ಣ ಜೋಡಣೆ ರಾಡು) ಹೋಗಿದೆ ಅಂತ ಅದನ್ನ ಬದಲಾಯ್ಸಿದ್ರು, ಸೌಂಡು ಮಾಯ. ಖುಷಿಯಾಗಿ ಮೊದಲನೇ ಗ್ಯಾರೇಜಿಗೆ ಹೋಗಿ ದುಡ್ಡು ವಾಪಸ್ ಕೊಡಿ ಅಂದ್ರೆ "ಬೇರೆಯವರು ಕೈ ಹಾಕಿದ ಮೇಲೆ ನಮ್ಮ ಜವಾಬ್ದಾರಿ ಇಲ್ಲ" ಅಂದ್ಬಿಟ್ರು. ಹಳೇ ಲಿಂಕೂ ಇಲ್ಲ, ಫೋಟೋನೂ ಇಲ್ಲ, ಬಾಯಿ ಮುಚ್ಕೊಂಡು ಬಂದೆ. ಎರಡನೇ ಮೆಕ್ಯಾನಿಕ್ ಹತ್ರ ಹೋಗಿ, ಖಂಡಿತ ಹೋಗಿ, ಆದ್ರೆ "ನೋಡಿ ಬರ್ಕೊಡಿ ಸಾಕು, ಬಿಚ್ಚಬೇಡಿ" ಅನ್ನಿ. ಲೆಟರ್‌ಹೆಡ್ಡಲ್ಲಿ ತಾರೀಕು, ಕಿಲೋಮೀಟರ್, ಏನು ಕಂಡಿದಾರೆ ಅನ್ನೋದು, ಜೊತೆಗೆ ಫೋಟೋ. ಮೊದಲ ಗ್ಯಾರೇಜಿಗೆ ಸರಿ ಮಾಡೋ ಒಂದು ಅವಕಾಶ ಕೊಟ್ಟಿರಬೇಕು, ಆಮೇಲೆ ಎಲ್ಲಿಗೇ ದೂರು ಹೋದ್ರೂ ಮೊದಲು ಕೇಳೋದು ಅದನ್ನೇ.

ಗ್ಯಾರೇಜಿಗೆ ಹೋಗೋವಾಗ ಸಂಜೆ ಗಾಡಿ ಡೆಲಿವರಿ ಗಡಿಬಿಡಿಲಿ ಹೋಗ್ಬೇಡಿ. ಮೆಕ್ಯಾನಿಕ್ಕನ್ನ ಪಕ್ಕದಲ್ಲಿ ಕೂರಿಸ್ಕೊಂಡು ಒಂದು ರೌಂಡ್ ಹೊಡೀರಿ, ಅವರ ಕಿವಿಗೇ ಕೇಳಿಸಿದ್ರೆ ಅರ್ಧ ವಾದ ಮುಗೀತು. ಹೊಸ ಜಾಬ್ ಕಾರ್ಡ್ ತೆಗೆಸಿ, ಹಳೇ ಬಿಲ್ ನಂಬರ್ ಹಾಕ್ಸಿ. ಚೆಕ್ ಇಂಜಿನ್ ಲೈಟಿನ ಕೇಸಾದ್ರೆ ಸ್ಕ್ಯಾನರ್ ಹಾಕಿದಾಗ ಬರೋ ಕೋಡನ್ನ (ಏನು ತೊಂದರೆ ಅಂತ ಕಾರಿನ ಕಂಪ್ಯೂಟರ್ ದಾಖಲಿಸಿರೋ ನಂಬರು) ಅಳಿಸೋ ಮುಂಚೆ ಅದರ ಫೋಟೋ ತಗೊಳಿ. ಕೋಡ್ ಅಳಿಸಿದ್ರೆ ಲೈಟು ಹೋಗತ್ತೆ ಅಷ್ಟೇ, ರೋಗ ಒಳಗೇ ಇದ್ರೆ ಸ್ವಲ್ಪ ದಿನದಲ್ಲಿ ಮತ್ತೆ ಹತ್ತತ್ತೆ. ಎರಡು ಸಲವೂ ಅದೇ ಪಿ0301, ಅಂದ್ರೆ 1ನೇ ಸಿಲಿಂಡರಲ್ಲಿ ಇಂಧನ ಸರಿಯಾಗಿ ಉರಿಯದಿರೋ ಮಿಸ್‌ಫೈರ್, ಅಂತ ಬಂದ್ರೆ ಅವರಿಗೆ ಜಾರ್ಕೊಳೋಕೆ ಜಾಗ ಕಮ್ಮಿ.

ಒಪ್ತಿಲ್ವಾ? ಬಾಯಿ ಮಾತು ನಿಲ್ಲಿಸಿ ಬರವಣಿಗೆಗೆ ಬನ್ನಿ. ಯಾವಾಗ ಕೊಟ್ಟಿದ್ದು, ಏನಾಯ್ತು, ಏನು ಬೇಕು, ಎಷ್ಟು ದಿನದೊಳಗೆ, ಇಷ್ಟೇ, ಬೈಗುಳ ಇರಬಾರ್ದು. ಕಂಪನಿ ಸರ್ವಿಸ್ ಸೆಂಟರ್ ಆದ್ರೆ ಕಾರ್ ಕಂಪನಿ ಕಸ್ಟಮರ್ ಕೇರಿಗೂ ಅದೇ ಮೇಲ್ ಹಾಕಿ. ಅದಕ್ಕೂ ಬಗ್ಗದಿದ್ರೆ ಗ್ರಾಹಕರ ದೂರು ಕೇಳೋ ಕಡೆ ಈ ಕಾಗದಗಳೇ ಕೆಲಸಕ್ಕೆ ಬರೋದು. ಬಿಲ್ ಕಟ್ಟದೆ ಡೂಪ್ಲಿಕೇಟ್ ಕೀ ತಗೊಂಡು ಕಾರು ಎತ್ಕೊಂಡು ಬರೋ ಐಡಿಯಾ ಮಾತ್ರ ಬಿಟ್ಬಿಡಿ, ಬಿಲ್ ಬಾಕಿ ಇದ್ರೆ ಕಾರು ಹಿಡಿದಿಟ್ಕೊಳೋ ಹಕ್ಕು ಎಷ್ಟೋ ಕಡೆ ಗ್ಯಾರೇಜಿಗೆ ಇರತ್ತೆ. ಕಟ್ಟಲೇಬೇಕಾದ್ರೆ "ತಕರಾರು ಇಟ್ಕೊಂಡೇ ಕಟ್ತಿದೀನಿ" ಅಂತ ಬಿಲ್ ಮೇಲೆ ಬರೆದು ಫೋಟೋ ತಗೊಂಡು ಕಟ್ಟಿ. "ಕೆಲಸ ತೃಪ್ತಿ ತಂದಿದೆ" ಅಂತ ಪ್ರಿಂಟಾಗಿರೋ ಕಡೆ ಓದ್ದೆ ಸೈನ್ ಹಾಕ್ಬೇಡಿ.

ಮತ್ತೆ ರಿಪೇರಿ ಆದ್ಮೇಲೆ ಬೆಳಕಿರೋವಾಗ್ಲೇ ಕಾರು ತಗೊಳಿ. ತೆಗೆದ ಪಾರ್ಟ್ ಎಲ್ಲಿ ಅಂತ ಕೇಳಿ ಕಣ್ಣಲ್ಲಿ ನೋಡಿ, ಮೊದಲು ಸೌಂಡ್ ಬಂದಿದ್ದ ರೋಡಲ್ಲೇ ಓಡಿಸಿ ಆಮೇಲೆ ಸೈನ್ ಮಾಡಿ. ಚಕ್ರ ಬಿಚ್ಚಿದ್ರೆ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಟ್ ಇನ್ನೊಂದ್ಸಲ ಟಾರ್ಕ್ ರೆಂಚಲ್ಲಿ (ಎಷ್ಟು ಟೈಟ್ ಆಗಿದೆ ಅಂತ ಅಳೆಯೋ ಸ್ಪಾನರ್) ಚೆಕ್ ಮಾಡಿಸಿ, ಐದು ನಿಮಿಷದ ಕೆಲಸ.